ಏಳನೇ ನಂಬರಿನ ಶೇಂಗಾ

ಮೊದಲೇ ಹೇಳಿಬಿಡುತ್ತೇನೆ, ಇದು ಕ್ಷಮೆ ಕೇಳುವ ಬರಹವಲ್ಲ. ನಾನು ಲಾಟರಿ ಟಿಕೆಟ್ ಮಾರಿದವಳು. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ವಾರಕ್ಕೆ ನಾಲ್ಕು ದಿನ, ಮೊಳಕಾಲ್ಮುರಿನಲ್ಲಿ ಎರಡು ದಿನ. ಒಂದು ಮಡಚುವ ಟೇಬಲ್ಲು, ಒಂದು ಕಪ್ಪು ಛತ್ರಿ, ಟಿಕೆಟ್ ಹಾರಿಹೋಗದಂತೆ ಮೇಲಿಡಲು ಒಂದು ತೂಕದ ಕಲ್ಲು. ಆಗ ಅದು ಸರ್ಕಾರ ಒಪ್ಪಿದ್ದ ವ್ಯಾಪಾರ. ಈಗ ನನ್ನನ್ನು ನೋಡಿ ಮೂಗು ಮುರಿಯುವವರಲ್ಲಿ ಅರ್ಧ ಜನರ ಅಪ್ಪಂದಿರು ನನ್ನ ಗಿರಾಕಿಗಳು. ಹೆಸರು ಬರೆಯುವುದಿಲ್ಲ, ಹೆದರಬೇಡಿ.

ಫೋನಿನಲ್ಲಿ ಟೈಪ್ ಮಾಡಲು ಕಲಿತು ಎರಡು ತಿಂಗಳಾಯಿತು. ಕಲಿಸಿದವಳು ಮೊಮ್ಮಗಳು. ಒತ್ತಕ್ಷರ ಬಂದಾಗಲೆಲ್ಲ ನನ್ನ ಹೆಬ್ಬೆರಳು ಜಗಳಕ್ಕೆ ನಿಲ್ಲುತ್ತದೆ. ಆದರೂ ಬರೆಯಲು ಕೂತದ್ದು ಅವಳ ಗೆಳತಿ ರೇಖಾಳಿಂದ. ರೇಖಾ ಈಚೆಗೆ ಫೋನಿನಲ್ಲಿ ನಂಬರ್ ಆಡಿಸುವ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಆಡುವವರು ಕರೆ ಮಾಡಿದರೆ ಸಮಾಧಾನವಾಗಿ ಮಾತಾಡುವುದು ಅವಳ ಕೆಲಸ. ಮೊನ್ನೆ ಬಂದು ನನ್ನ ಮಂಚದ ತುದಿಯಲ್ಲಿ ಕೂತಳು.

"ಅಜ್ಜೀ, ದಿನಾ ಒಂದೇ ಪ್ರಶ್ನೆ. ಯಾವ ನಂಬರ್ ಹಾಕ್ಲಿ ಹೇಳಿ ಅಂತಾರೆ. ನಿನ್ನ ಹತ್ರಾನೂ ಕೇಳ್ತಿದ್ರಾ?"

"ಕೇಳ್ದೆ ಬಿಡ್ತಾರೇನೇ. ಬಸ್ಸು ಎಷ್ಟೊತ್ತಿಗೆ ಅಂತ ಕೇಳೋಕ್ಕಿಂತ ಮುಂಚೆ ಅದನ್ನೇ ಕೇಳೋರು."

"ನೀನೇನು ಹೇಳ್ತಿದ್ದೆ?"

ಹದಿನೈದು ವರ್ಷದ ಕೆಲಸದಲ್ಲಿ ಆ ಪ್ರಶ್ನೆಗೆ ನೂರು ಥರ ಉತ್ತರ ಕೊಟ್ಟಿದ್ದೇನೆ. ಸರಿಯಾಗಿ, ಎದುರಿಗೆ ಕೂತು, ಬೆವರು ಹರಿಸಿ ಉತ್ತರ ಕೊಟ್ಟದ್ದು ಒಂದೇ ಸಲ. ಆ ಉತ್ತರದ ಮೇಲೆ ಒಬ್ಬ ನೇಕಾರನ ಮಗ್ಗ ನಿಂತಿತ್ತು. ನಾನು ಅವತ್ತು ಮಾಡಿದ್ದು ತಪ್ಪು ಎಂದು ಹೇಳುವವರು ಮೊಳಕಾಲ್ಮುರಿನಲ್ಲಿ ಇವತ್ತಿಗೂ ಇದ್ದಾರೆ. ರೇಖಾ ಓದಿ ತೀರ್ಮಾನ ಮಾಡಲಿ.

ಲಾಟರಿಗೆ ಬರುವ ಮುಂಚೆ ನಾನು ಶೇಂಗಾ ಮಂಡಿಯಲ್ಲಿದ್ದೆ. ರೈತರು ಚೀಲ ತಂದು ಸಾಲಾಗಿ ನಿಲ್ಲಿಸುತ್ತಿದ್ದರು. ಸಾಹುಕಾರ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆಯುತ್ತಿದ್ದ. ಅದನ್ನು ಸುಲಿದು ಗಟ್ಟಿ ಬೀಜ ಎಷ್ಟು, ಜೊಳ್ಳು ಎಷ್ಟು ಎಂದು ಎಣಿಸುವುದು ನನ್ನ ಕೆಲಸ. ಆ ಹಿಡಿಯ ಮೇಲೆ ಇಡೀ ಚೀಲದ ದರ. ಜೊಳ್ಳು ಹೆಚ್ಚು ಬಂದರೆ ರೈತ ಬಿಡುತ್ತಿರಲಿಲ್ಲ. "ಇನ್ನೊಂದು ಹಿಡಿ ತೆಗೀರಿ ಸಾವ್ಕಾರ್ರೆ, ಈ ಸಲ ಗಟ್ಟಿ ಬಂದೇ ಬರ್ತೈತೆ" ಎನ್ನುತ್ತಿದ್ದ. ಹೋದ ಹಿಡಿಯಲ್ಲಿ ಜೊಳ್ಳು ಬಂತೆಂದು ಈ ಹಿಡಿಯಲ್ಲಿ ಗಟ್ಟಿ ಕೊಡಬೇಕೆಂಬ ಹಂಗು ಚೀಲಕ್ಕಿಲ್ಲ. ಚೀಲಕ್ಕೆ ನೆನಪಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಐದು ವರ್ಷ ಸುಲಿದು ಕಲಿತೆ. ಕಾಲೇಜಿನಲ್ಲಿ ಇದಕ್ಕೆ ಸಂಭವನೀಯತೆ ಎನ್ನುತ್ತಾರಂತೆ. ಆ ಪದ ಟೈಪ್ ಮಾಡಲು ನನಗೆ ಕಾಲು ಗಂಟೆ ಹಿಡಿಯಿತು.

ಮಂಡಿಯ ದೂಳಿಗೆ ಕೆಮ್ಮು ಹತ್ತಿ ಕೆಲಸ ಬಿಟ್ಟೆ. ಅದೇ ಹೊತ್ತಿಗೆ ಲಾಟರಿ ಏಜೆಂಟ್ ಪರಮೇಶಪ್ಪ ಬಸ್ ಸ್ಟ್ಯಾಂಡಿನಲ್ಲಿ ಕೂರಲು ಜನ ಹುಡುಕುತ್ತಿದ್ದ. ಅದಕ್ಕೆ ಮುಂಚೆ ಇಟ್ಟಿದ್ದ ಇಬ್ಬರು ಗಂಡಸರೂ ಸಂಜೆಯ ವ್ಯಾಪಾರದ ದುಡ್ಡು ಹೊತ್ತು ಸಾರಾಯಿ ಅಂಗಡಿಗೆ ಹೋಗಿದ್ದರು. "ಹೆಂಗಸಾದ್ರೆ ಸರಿ, ಕುಂತ ಕಡೆ ಕುಂತಿರ್ತಾಳೆ" ಎಂದು ನನ್ನನ್ನು ಕರೆದ. ಕೂತ ಕಡೆ ಕೂತೆ. ಬಾಯಿಯೂ ಕೂತಿರುತ್ತದೆ ಎಂದು ಅವನು ತಿಳಿದಿದ್ದರೆ ಅದು ಅವನ ತಪ್ಪು.

ನಾನು ಹೆಚ್ಚು ಮಾರಿದ್ದು ಒಂದಂಕಿ ಲಾಟರಿ. ಟಿಕೆಟಿನ ಕೊನೆಯ ಅಂಕಿ ಸೊನ್ನೆಯಿಂದ ಒಂಬತ್ತರೊಳಗೆ ಯಾವುದಾದರೂ ಇರುತ್ತಿತ್ತು. ಶುಕ್ರವಾರ ಸಂಜೆ ಎಲ್ಲೋ ದೂರದ ಊರಿನಲ್ಲಿ ಒಂದು ಅಂಕಿ ಎತ್ತುತ್ತಿದ್ದರು, ಶನಿವಾರ ಪೇಪರಿನಲ್ಲಿ ಬರುತ್ತಿತ್ತು. ನಿಮ್ಮ ಅಂಕಿ ಅದೇ ಆದರೆ ಗೆದ್ದಿರಿ. ಹತ್ತರಲ್ಲಿ ಒಂದು, ಅಷ್ಟೇ ಲೆಕ್ಕ. ಹತ್ತೂ ಅಂಕಿಯ ಟಿಕೆಟ್ ಕೊಂಡವನು ಖಂಡಿತ ಗೆಲ್ಲುತ್ತಿದ್ದ, ಆದರೆ ಗೆದ್ದ ದುಡ್ಡಿಗೆ ಎಂಟೇ ಟಿಕೆಟ್ ಬರುತ್ತಿದ್ದವು. ಉಳಿದ ಎರಡು ಟಿಕೆಟಿನಲ್ಲಿ ಸರ್ಕಾರ, ಪರಮೇಶಪ್ಪ, ನಾನು ಎಲ್ಲರೂ ಉಂಡೆವು. ಕೇಳಿದವರಿಗೆಲ್ಲ ಇದನ್ನು ಬಿಡಿಸಿ ಹೇಳುತ್ತಿದ್ದೆ. ಕೇಳಿದವರು ಕಡಿಮೆ.

ಅವರು ಕೇಳುತ್ತಿದ್ದದ್ದು ನಂಬರ್ ಆರಿಸುವ ದಾರಿ. ಒಬ್ಬ ಕಂಡಕ್ಟರು ಆ ದಿನ ಹರಿದ ಮೊದಲ ಬಸ್ ಟಿಕೆಟಿನ ಕೊನೆಯ ಅಂಕಿಯನ್ನೇ ಕೇಳುತ್ತಿದ್ದ. ಹೂ ಮಾರುವ ಮಲ್ಲವ್ವ ತನ್ನ ಕೋಳಿ ಆ ವಾರ ಎಷ್ಟು ಮೊಟ್ಟೆ ಇಟ್ಟಿತೋ ಅಷ್ಟರದು ತಗೊಳ್ಳುತ್ತಿದ್ದಳು. ಕೋಳಿ ಕಾವಿಗೆ ಕೂತಾಗ ಮೂರು ವಾರ ಸೊನ್ನೆಯನ್ನೇ ಕೊಂಡಳು. ತಳಕಿನಿಂದ ಬರುತ್ತಿದ್ದ ದಿನಸಿ ಅಂಗಡಿಯವರೊಬ್ಬರು ತೂಕದ ಕಲ್ಲು ಎತ್ತಿಡಲು ಹೇಳಿ ಗಾಳಿಗೆ ಯಾವ ಟಿಕೆಟ್ ಮೊದಲು ಅಲ್ಲಾಡುತ್ತದೆ ಎಂದು ಕೈ ಕಟ್ಟಿ ನಿಲ್ಲುತ್ತಿದ್ದರು. ಆ ಹೊತ್ತಿಗೆ ಮೊಳಕಾಲ್ಮುರು ಬಸ್ಸು ದೂಳೆಬ್ಬಿಸಿ ಬಂದರೆ ಟಿಕೆಟೆಲ್ಲ ಶೌಚಾಲಯದ ಗೋಡೆಯ ಕಡೆ ಹಾರುತ್ತಿದ್ದವು, ನಾನು ಅವರ ಹಿಂದೆ, ಅವರು ಟಿಕೆಟಿನ ಹಿಂದೆ. ಇವರಲ್ಲಿ ಯಾರ ದಾರಿಯೂ ಇನ್ನೊಬ್ಬರ ದಾರಿಗಿಂತ ಮೇಲಲ್ಲ, ಕೆಳಗಲ್ಲ. ಕೋಳಿಗೂ ಹತ್ತರಲ್ಲಿ ಒಂದು, ಗಾಳಿಗೂ ಹತ್ತರಲ್ಲಿ ಒಂದು. ಹಾಗಾಗಿ ನಾನು ಯಾರನ್ನೂ ತಡೆಯುತ್ತಿರಲಿಲ್ಲ. ಒಂದು ಟೀ ಕುಡಿಯುವ ದುಡ್ಡಿನಲ್ಲಿ ಶನಿವಾರದ ತನಕ ಕನಸು ಕಾಣುವವರ ತಂಟೆ ನನಗೇಕೆ.

ತಪ್ಪು ನಾನೂ ಮಾಡಿದ್ದೇನೆ, ಬರೆಯದೆ ಬಿಡುವುದಿಲ್ಲ. ಒಂದು ಸಲ ನನ್ನ ಟೇಬಲ್ಲಿನ ಟಿಕೆಟಿಗೆ ಬೇರೊಂದು ಲಾಟರಿಯಲ್ಲಿ ಸ್ವಲ್ಪ ದೊಡ್ಡ ಬಹುಮಾನವೇ ಬಂತು. ನಾನು ಹಿಗ್ಗಿ ಒಂದು ರಟ್ಟಿನ ಮೇಲೆ "ಅದೃಷ್ಟದ ಟೇಬಲ್" ಎಂದು ಬರೆಸಿ, ಕೆಳಗೆ ಗೆದ್ದವನ ಹೆಸರೂ ಹಾಕಿಸಿ ನೇತುಹಾಕಿದೆ. ಜನ ಮುಗಿಬಿದ್ದರು. ಒಬ್ಬ ಮುದುಕ, ಕೋಲೂರಿಕೊಂಡು ಬಂದವನು, ರಟ್ಟನ್ನು ಬಹಳ ಹೊತ್ತು ಓದಿ ಕೇಳಿದ: "ತಾಯೀ, ಗೆದ್ದೋರ ಹೆಸ್ರು ಬರ್ದೀಯ. ಸೋತೋರ್ದು ಇನ್ನೊಂದು ರಟ್ಟೈತಾ?" ಸೋತವರನ್ನು ಬರೆಯಲು ಬಸ್ ಸ್ಟ್ಯಾಂಡಿನ ಗೋಡೆಯೇ ಸಾಲುತ್ತಿರಲಿಲ್ಲ. ಹೆಚ್ಚು ಮಾರಿದ ಟೇಬಲ್ಲಿನಲ್ಲಿ ಹೆಚ್ಚು ಬಹುಮಾನ ಬಂದೇ ಬರುತ್ತದೆ, ಅದರಲ್ಲಿ ಟೇಬಲ್ಲಿನ ಗುಣ ಏನೂ ಇಲ್ಲ. ಅವತ್ತೇ ರಟ್ಟು ಇಳಿಸಿ ಛತ್ರಿಯ ತೂತಿಗೆ ತೇಪೆ ಹಾಕಿದೆ.

ಅದಕ್ಕಿಂತ ದೊಡ್ಡ ತಪ್ಪು ಚಾರ್ಟು. ಪರಮೇಶಪ್ಪ ಬೇರೆ ಊರಿನಲ್ಲಿ ನೋಡಿ ಬಂದು ಹೇಳಿದ, ಹಿಂದಿನ ವಾರಗಳ ಫಲಿತಾಂಶವನ್ನು ದೊಡ್ಡ ಹಾಳೆಯಲ್ಲಿ ಬರೆದು ಹಾಕು ಎಂದು. ಅಡ್ಡಕ್ಕೆ ಹತ್ತು ಮನೆ, ಸೊನ್ನೆಯಿಂದ ಒಂಬತ್ತು. ವಾರಕ್ಕೊಂದು ಸಾಲು. ಯಾವ ಅಂಕಿ ಬಂತೋ ಆ ಮನೆಯಲ್ಲಿ ಕೆಂಪು ಮಸಿಯ ಒಂದು ಬೊಟ್ಟು. ಬಹಳ ದಿನದಿಂದ ಬರದ ಅಂಕಿಯ ತಲೆ ಮೇಲೆ "ಬಾಕಿ" ಎಂದು ಬರೆಯಬೇಕು. ಬಾಕಿ ಎಂದರೆ ಬರಲೇಬೇಕು ಎಂದು ಜನ ಓದುತ್ತಾರೆ, ಕೊಳ್ಳುತ್ತಾರೆ. ಚೀಲಕ್ಕೆ ನೆನಪಿಲ್ಲ ಎಂದು ಗೊತ್ತಿದ್ದ ನಾನೇ ಆ ಬಾಕಿ ಬರೆದೆ. ಹೊಟ್ಟೆಪಾಡು ಎನ್ನಬಹುದು. ಸೋಮಾರಿತನ ಎನ್ನುವುದು ಹೆಚ್ಚು ಸರಿ, ಅವನ ಜೊತೆ ಜಗಳಕ್ಕೆ ಅವತ್ತು ನನಗೆ ಮನಸ್ಸಿರಲಿಲ್ಲ.

ಆ ಚಾರ್ಟಿನ ಮುಂದೆ ಓಬಳಪ್ಪ ಬಂದು ನಿಂತ.

ಓಬಳಪ್ಪ ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಕಾರ. ಬುಟ್ಟಾ ಹಾಕುವುದರಲ್ಲಿ ಅವನ ಕೈಗೆ ಸಮ ಇಲ್ಲ ಎನ್ನುತ್ತಿದ್ದರು. ಸೀರೆಯ ಮೈ ಮೇಲೆ ಅಷ್ಟಷ್ಟು ದೂರಕ್ಕೆ ಜರಿಯ ಸಣ್ಣ ಹೂವು ಬರುತ್ತದಲ್ಲ, ಅದು ಬುಟ್ಟಾ. ಮಂಗಳವಾರ ನಾನು ಮೊಳಕಾಲ್ಮುರಿನಲ್ಲಿ ಟೇಬಲ್ ಬಿಚ್ಚಿದರೆ ಬರುತ್ತಿದ್ದ, ಒಂದು ಟಿಕೆಟ್ ಕೊಳ್ಳುತ್ತಿದ್ದ, ಎರಡು ಮಾತಾಡಿ ಹೋಗುತ್ತಿದ್ದ. ಚಾರ್ಟ್ ಹಾಕಿದ ಮೇಲೆ ಹೋಗುವುದನ್ನು ನಿಲ್ಲಿಸಿದ. ನೇಕಾರರ ಹತ್ತಿರ ಚೌಕಳಿ ಹಾಳೆ ಇರುತ್ತದೆ, ಡಿಸೈನು ಬರೆದುಕೊಳ್ಳಲು. ಅಂಥದೊಂದರಲ್ಲಿ ನನ್ನ ಕೆಂಪು ಬೊಟ್ಟುಗಳನ್ನೆಲ್ಲ ಇಳಿಸಿಕೊಂಡ. ನಾಲ್ಕು ತಿಂಗಳು ವಾರ ವಾರ ಬಂದು ಹೊಸ ಬೊಟ್ಟು ಸೇರಿಸಿಕೊಂಡ. ಒಂದು ಮಂಗಳವಾರ ಹಾಳೆಯನ್ನು ಟೇಬಲ್ ಮೇಲೆ ಹರಡಿದ.

"ಅಕ್ಕಾ, ಇದು ಲಾಟ್ರಿ ಅಲ್ಲ. ಡಿಸೈನು."

"ಏನಪ್ಪಾ ಹಂಗಂದ್ರೆ?"

"ನೋಡಿಲ್ಲಿ. ಎರಡು ಮೆಟ್ಲು ಹತ್ತುತ್ತೆ, ಒಂದು ಇಳೀತೈತೆ, ಅಂಚಿಗೆ ಹೋಗಿ ತಿರುಗುತ್ತೆ. ಮತ್ತೆ ಅದೇ. ಯಾರೋ ಕುಂತು ನೇಯ್ತಾ ಅವ್ರೆ ಇದನ್ನ."

"ಇಲ್ಲಿ ಇಳೀಬೇಕಿತ್ತು, ಹತ್ತೈತಲ್ಲ?"

"ಅಲ್ಲಿ ಎಳೆ ತಪ್ಪೈತೆ."

"ಇಲ್ಲಿ?"

"ಅಲ್ಲೂ ಎಳೆ ತಪ್ಪೈತೆ. ಎಂಥಾ ನೇಕಾರಂಗೂ ತಪ್ಪುತ್ತೆ, ಬಿಡು."

ಮೂವತ್ತು ವರ್ಷ ಹಗಲೆಲ್ಲ ಹೂವಿನ ಸಾಲು ನೋಡಿದ ಕಣ್ಣು ಅದು. ಎಲ್ಲಿ ಬೊಟ್ಟು ಕಂಡರೂ ಸಾಲು ಕಾಣುತ್ತದೆ. ಹೊಂದದ ಬೊಟ್ಟನ್ನು ನೇಯ್ದವನ ತಪ್ಪು ಎಂದು ಕ್ಷಮಿಸುತ್ತದೆ. ನಗು ಬಂತು. ಅವನು ಮುಂದಿನ ಮಾತು ಹೇಳಿದಾಗ ನಗು ನಿಂತಿತು.

"ಈ ಶುಕ್ರವಾರ ಅಲ್ಲ, ಅದರಾಚೆ ಶುಕ್ರವಾರ ಏಳು ಬರ್ತೈತೆ. ಏಳರ ಟಿಕೇಟು ಎಷ್ಟು ಸಿಕ್ತಾವೋ ಅಷ್ಟೂ ನಂಗೆ ಬೇಕು. ಮಗ್ಗ ಕೊಡ್ತಾ ಇದೀನಿ. ರಾಯದುರ್ಗದವ್ರು ಬರೋ ವಾರ ಬುಧವಾರ ಬಂದು ಬಿಚ್ಕೊಂಡು ಹೋಗ್ತಾರೆ."

ಅವನು ಹೋದ ಮೇಲೆ ಅವನ ಹೆಂಡತಿ ಲಚ್ಚಮ್ಮ ಬಂದಳು. ಬಂದವಳು ನಿಲ್ಲಲೂ ಇಲ್ಲ, ಟೇಬಲ್ಲಿನ ಪಕ್ಕ ನೆಲದ ಮೇಲೆ ಕುಕ್ಕರಿಸಿದಳು. ಅವಳು ತೆಲುಗು ಮನೆಯವಳು, ಸಿಟ್ಟು ಬಂದರೆ ಅರ್ಧ ಮಾತು ತೆಲುಗಿನಲ್ಲೇ.

"ವದ್ದಕ್ಕಾ, ನಿಂಗೆ ಕೈ ಮುಗೀತೀನಿ, ಬ್ಯಾಡ. ಟಿಕೇಟ್ ಕೊಡಬ್ಯಾಡ ಅವ್ನಿಗೆ. ಆ ಮಗ್ಗ ನಮ್ಮಾವಂದು. ಅವ್ನು ನೇಯ್ತಾನೆ, ನಾನು ಕಂಡಿಕೆಗೆ ನೂಲು ಸುತ್ತುತೀನಿ. ಮಗ್ಗ ಹೋದ್ರೆ ನಾವಿಬ್ರೂ ಬ್ಯಾರೇರ ಮನ್ಯಾಗೆ ಕೂಲಿ ನೇಯ್ಬೇಕು. ಈ ವಯಸ್ನಾಗೆ ಯಾರು ಕರೀತಾರೆ?"

"ನಾನು ಕೊಡ್ದಿದ್ರೆ ಇನ್ನೊಬ್ರು ಕೊಡ್ತಾರೆ ಲಚ್ಚೀ."

"ಆ ಹಾಳೆ ನೇತಾಕಿದ್ದು ಇನ್ನೊಬ್ರಲ್ಲ, ನೀನು."

ಸಂಜೆಗೆ ಕಾಯದೆ ಟೇಬಲ್ ಮಡಚಿದೆ.

ಚಳ್ಳಕೆರೆಗೆ ಬಂದು ಪರಮೇಶಪ್ಪನಿಗೆ ಹೇಳಿದೆ, ಇಂಥ ದೊಡ್ಡ ಗಿರಾಕಿ ಬಂದಿದ್ದಾನೆ, ನಾನು ಮಾರುವುದಿಲ್ಲ ಎಂದು. ಅವನ ಕಿವಿಗೆ ಮೊದಲರ್ಧ ಮಾತ್ರ ಬಿತ್ತು.

"ಏಳರವು ಎಲ್ಲಾ ಊರಿಂದ ನಾನು ತರಿಸ್ತೀನಿ. ಇಂಥೋನು ಹತ್ತು ವರ್ಷಕ್ಕೊಬ್ಬ ಸಿಗ್ತಾನೆ ತಿಪ್ಪಕ್ಕ."

"ಮಗ್ಗ ಮಾರ್ತಾನಂತೆ ಕಣ್ರೀ."

"ಅವ್ನ ಮಗ್ಗ, ಅವ್ನ ಇಷ್ಟ. ನೀನೇನು ಅವ್ನ ಅವ್ವನಾ?"

"ಹತ್ತರಾಗೆ ಒಂಬತ್ತು ಪಾಲು ಸೋಲ್ತಾನೆ."

"ಸೋಲ್ಲಿ. ಸೋಲ್ದಿದ್ರೆ ನಿಂಗೂ ನಂಗೂ ಊಟ ಎಲ್ಲೈತೆ? ನೋಡು, ನೀನು ಮಾರ್ದೇ ಇದ್ರೆ ನಾನೇ ಹೋಗಿ ಮಾರ್ತೀನಿ. ಆಮೇಲೆ ನಿನ್ನ ಜಾಗಕ್ಕೆ ಬೇರೆ ಜನ ಕುಂದ್ರಿಸ್ತೀನಿ."

ಅಂದರೆ ನಾನು ಮಾರದೆ ಕೂತರೆ ಸಾಲದು. ಓಬಳಪ್ಪನ ಕಣ್ಣಿನಿಂದ ಆ ಡಿಸೈನನ್ನೇ ಕಿತ್ತುಹಾಕಬೇಕು. ಸುಳ್ಳು ಹೇಳಿ ಹೆದರಿಸಬಹುದಿತ್ತು, ಶನಿ ಎನ್ನಬಹುದಿತ್ತು, ಕೆಟ್ಟ ಕನಸು ಬಿತ್ತು ಎನ್ನಬಹುದಿತ್ತು. ಅವನು ನಂಬುತ್ತಿದ್ದ. ನನಗೆ ಒಗ್ಗಲಿಲ್ಲ. ಒಂದು ಮಂಕನ್ನು ಇನ್ನೊಂದು ಮಂಕಿನಿಂದ ಓಡಿಸಿದರೆ ಮುಂದಿನ ವರ್ಷ ಮತ್ತೆ ಬರುತ್ತಾನೆ.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಹತ್ತು ಒಂದೇ ಗಾತ್ರದ ಶೇಂಗಾಕಾಯಿ ಆರಿಸಿದೆ. ಒಂದೊಂದರ ಮೇಲೆ ಸೊನ್ನೆಯಿಂದ ಒಂಬತ್ತರ ತನಕ ಪೆನ್ನಿನಲ್ಲಿ ಬರೆದೆ. ಹಾಲಿನ ಪುಡಿಯ ಡಬ್ಬಿಗೆ ಹಾಕಿ, ಕುಲುಕಿ, ಕಣ್ಣು ಮುಚ್ಚಿ ಒಂದು ತೆಗೆದೆ. ಅಂಕಿ ನೋಡಿ ಚೌಕಳಿ ಹಾಳೆಯಲ್ಲಿ ಕೆಂಪು ಬೊಟ್ಟಿಟ್ಟೆ. ಕಾಯಿ ವಾಪಸ್ ಹಾಕಿ ಮತ್ತೆ ಕುಲುಕಿದೆ. ಹೀಗೆ ಅರವತ್ತು ಸಾಲು. ನನ್ನ ಗಂಡ ಬಾಗಿಲಲ್ಲಿ ನಿಂತು ನೋಡಿ, "ಇನ್ನ ಇದೊಂದು ಬಾಕಿ ಇತ್ತು" ಎಂದು ಹೋದರು. ಒಂದು ಕಡೆ ನಾಲ್ಕು ಸಲ ಸಾಲಾಗಿ ಐದೇ ಬಂತು. ಇನ್ನೊಂದು ಕಡೆ ಒಂದು, ಎರಡು, ಮೂರು ಮೆಟ್ಟಿಲಂತೆ ಇಳಿಯಿತು. ನನಗೇ ಮೈ ಜುಂ ಎಂದಿತು. ಯಾರೂ ನೇಯದ ಡಿಸೈನು ಹಾಳೆ ಮೇಲೆ ಕೂತಿತ್ತು.

ಮಂಗಳವಾರ ಟೇಬಲ್ ಬಿಚ್ಚದೆ ನೇರ ಅವರ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ ಅರ್ಧ ಜಾಗ ಗುಂಡಿ ಮಗ್ಗದ್ದೇ. ಹಾಸಿನ ಉದ್ದೆಳೆಯನ್ನೆಲ್ಲ ಆಗಲೇ ಬಿಚ್ಚಿದ್ದ, ಬರೀ ಮರ ನಿಂತಿತ್ತು. ಲಚ್ಚಮ್ಮ ಸುತ್ತಲು ಏನೂ ಇಲ್ಲದ ರಾಟೆಯ ಮುಂದೆ ಕೂತಿದ್ದಳು. ನಾನು ಹಾಳೆ ಕೊಟ್ಟೆ.

"ಇದು ಇನ್ನೊಂದು ಚಾರ್ಟು ಓಬಳಪ್ಪ. ಇದ್ರಾಗೂ ಡಿಸೈನು ಐತಾ ನೋಡು."

ಅವನು ಬೆಳಕಿಗೆ ಹಿಡಿದ, ತಿರುಗಿಸಿದ, ಬೆರಳಿನಲ್ಲಿ ಎಣಿಸಿದ. ಮುಖ ಅರಳಿತು. "ಇದು ಅದಕ್ಕಿಂತ ಚಂದ ಐತಲ್ಲಕ್ಕಾ. ಮೂರು ಹೆಜ್ಜೆ ಓರೆ, ಆಮೇಲೆ ನೆಟ್ಟಗೆ. ಇಲ್ಲಿ ಐದರ ಮನ್ಯಾಗೆ ನಿಂತು ಉಸಿರು ತಗಂಡೈತೆ. ಇದರ ಮುಂದಿನ ಬೊಟ್ಟು ಮೂರು. ಬರ್ಕೊ."

"ಎಷ್ಟು ಗ್ಯಾರಂಟಿ?"

"ಏಳು ಎಷ್ಟು ಗ್ಯಾರಂಟಿನೋ ಅಷ್ಟು."

ಚೀಲದಿಂದ ಡಬ್ಬಿ ತೆಗೆದು ಅವನ ಮುಂದಿಟ್ಟೆ. ಮುಚ್ಚಳ ತೆರೆದು ಹತ್ತು ಕಾಯಿಗಳನ್ನೂ ತೋರಿಸಿದೆ. ಭಾನುವಾರ ಏನು ಮಾಡಿದೆ ಎಂದು ಹೇಳಿದೆ. ಅವನು ಹಾಳೆ ನೋಡಿದ, ಡಬ್ಬಿ ನೋಡಿದ, ನನ್ನನ್ನು ನೋಡಿದ.

"ಡಬ್ಬಿಯಾಗೆ ಏನೋ ಮಾಡಿ ತಂದೀಯ ನೀನು."

"ಹಂಗಾದ್ರೆ ನೀನೇ ಕುಲುಕು, ನೀನೇ ತೆಗಿ. ಮೂರು ಬರ್ಬೇಕಲ್ಲ."

ಈ ಹೊತ್ತಿನ ಬಗ್ಗೆ ನಿಜ ಹೇಳುತ್ತೇನೆ. ಮೂರು ಬಂದುಬಿಡಬಹುದಿತ್ತು. ಹತ್ತರಲ್ಲಿ ಒಂದು ಸಲ ಬರುತ್ತದೆ. ಬಂದಿದ್ದರೆ ಅಲ್ಲಿಗೆ ನನ್ನ ಮಾತು ಮುಗಿಯುತ್ತಿತ್ತು, ಮಗ್ಗವೂ ಮುಗಿಯುತ್ತಿತ್ತು. ಗೊತ್ತಿದ್ದೂ ಡಬ್ಬಿ ಕೊಟ್ಟೆ. ಅವನು ಕೈ ಹಾಕಿ ತೆಗೆದ. ಎಂಟು.

"ಎಳೆ ತಪ್ಪೈತೆ" ಎಂದ.

"ಮತ್ತೆ ತೆಗಿ."

ಮತ್ತೆ ತೆಗೆದ. ಸೊನ್ನೆ. ಮತ್ತೆ. ಒಂಬತ್ತು. ಪ್ರತಿ ಸಲ ಮುಂಚೆಯೇ ಹೇಳುತ್ತಿದ್ದ, ಈಗ ಇದು, ಈಗ ಇದು ಎಂದು. ಲಚ್ಚಮ್ಮ ಎದ್ದು ಬಂದು ಗೋಡೆಗೆ ಸುಣ್ಣದ ಕಡ್ಡಿಯಲ್ಲಿ ಗೀಟು ಹಾಕತೊಡಗಿದಳು, ಹೇಳಿದ್ದು ಬಂದರೆ ಒಂದು ಕಡೆ, ಬರದಿದ್ದರೆ ಇನ್ನೊಂದು ಕಡೆ. ಬಂದ ಕಡೆ ಅಲ್ಲೊಂದು ಇಲ್ಲೊಂದು. ಬರದ ಕಡೆ ಗೋಡೆ ಬೆಳ್ಳಗಾಯಿತು. ಊಟದ ಹೊತ್ತು ದಾಟಿತು. ಯಾರೂ ಏಳಲಿಲ್ಲ. ಅವನ ದನಿ ಸಣ್ಣದಾಗುತ್ತ ಬಂದು ಕಡೆಗೆ ಹೇಳುವುದನ್ನೇ ನಿಲ್ಲಿಸಿ ಬರೀ ತೆಗೆಯುತ್ತಿದ್ದ.

"ಡಬ್ಬಿಗೆ ನೆನಪಿಲ್ಲ ಓಬಳಪ್ಪ" ಎಂದೆ. "ಹೋದ ಸಲ ಏನು ಕೊಟ್ಟೆ ಅಂತ ಅದಕ್ಕೆ ಗೊತ್ತಿಲ್ಲ. ನೆನಪಿರೋದು ನಿನಗೆ. ನೇಯ್ತಾ ಇರೋನೂ ನೀನೇ."

"ಏಳು ಬರಲ್ಲ ಅಂತೀಯಾ ಹಂಗಾದ್ರೆ?"

"ಅನ್ನಲ್ಲ. ಬರ್ತೈತೋ ಇಲ್ಲೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಟಿಕೇಟ್ ಒಂದು ತಗೋ. ಮಗ್ಗ ಕೊಡಬೇಡ."

ಅವನು ಡಬ್ಬಿಯನ್ನು ಕಾಲ ಮೇಲೆ ಬೋರಲು ಹಾಕಿ, ಏಳು ಎಂದು ಬರೆದ ಕಾಯಿ ಹುಡುಕಿ, ಹೆಬ್ಬೆರಳಿನಲ್ಲಿ ಒಡೆದು, ಎರಡು ಬೀಜವನ್ನೂ ಬಾಯಿಗೆ ಹಾಕಿಕೊಂಡು ಜಗಿದ. "ಹಾಸು ಹೂಡು ನಡಿ" ಎಂದ ಹೆಂಡತಿಗೆ. ನನಗೆ ಕೊನೆಯ ಬಸ್ಸಿನ ಹೊತ್ತಾಗಿತ್ತು. ಡಬ್ಬಿ, ಹಾಳೆ ಅಲ್ಲೇ ಬಿಟ್ಟು ಓಡಿದೆ. ಬುಧವಾರ ರಾಯದುರ್ಗದಿಂದ ಬಂದವರು ಬರಿಗೈಯಲ್ಲಿ ವಾಪಸ್ ಹೋದರು.

ಶುಕ್ರವಾರ ಏಳು ಬಂತು.

ಶನಿವಾರ ಬೆಳಿಗ್ಗೆ ಪೇಪರ್ ಬಿಚ್ಚಿದವಳು ಹಾಗೇ ಮಡಚಿ ಅದರ ಮೇಲೆ ಕೂತೆ. ಎಷ್ಟು ಹೊತ್ತು ಕೂರುವುದು. ಹತ್ತು ಗಂಟೆಗೆ ಅಂಕಿಯೂ, ಮೊಳಕಾಲ್ಮುರು ಬಸ್ಸಿನವರ ಬಾಯಿಂದ ಡಬ್ಬಿಯ ಕಥೆಯೂ ಬಸ್ ಸ್ಟ್ಯಾಂಡಿಗೆಲ್ಲ ಗೊತ್ತಾಗಿತ್ತು. ಟೀ ಅಂಗಡಿಯಿಂದ ಒಬ್ಬ ಕೂಗಿದ, "ತಿಪ್ಪಕ್ಕಾ, ಒಂದು ಹಿಡಿ ಶೇಂಗಾ ಕೊಡು, ನಂಗೂ ಬುದ್ಧಿ ಬರ್ಲಿ." ಹೂ ಮಾರುವ ಮಲ್ಲವ್ವ ಕೂಡ ನನ್ನ ಕಡೆ ಬೆನ್ನು ಮಾಡಿ ಕೂತಳು. ಪರಮೇಶಪ್ಪ ಸ್ಕೂಟರ್ ನಿಲ್ಲಿಸಿದ.

"ಒಂದು ಮನೆ ಉದ್ಧಾರ ಆಗೋದನ್ನ ತಪ್ಪಿಸ್ದೆಯಲ್ಲ ಮಾರಾಯ್ತಿ. ಎದ್ದೇಳು ಇಲ್ಲಿಂದ."

"ಛತ್ರಿ ನಿಮ್ದು, ಟೇಬಲ್ಲು ನಂದು" ಎಂದೆ. "ನಿಮ್ದು ನೀವು ತಗಂಡು ಹೋಗ್ರಿ."

ಛತ್ರಿ ಹೋಯಿತು. ಟಿಕೆಟ್ ಕಟ್ಟೂ ಹೋಯಿತು. ಬಿಸಿಲಲ್ಲಿ ಖಾಲಿ ಟೇಬಲ್ ಮುಂದೆ ಕೂತೇ ಇದ್ದೆ, ಎದ್ದು ಹೋದರೆ ಸೋತಂತಾಗುತ್ತದೆ ಎಂದು. ಮಧ್ಯಾಹ್ನದ ಮೊಳಕಾಲ್ಮುರು ಬಸ್ಸಿನಿಂದ ಓಬಳಪ್ಪ ಇಳಿದ.

"ಏಳು ಬಂತಕ್ಕಾ."

"ಬಂತಪ್ಪಾ."

"ನಾನು ಹೇಳಿದ್ದೆ."

"ಹೇಳಿದ್ದೆ."

ಅವನು ಬೈದಿದ್ದರೆ ಚೆನ್ನಾಗಿತ್ತು. ಬಂದ ಬಸ್ಸಿನಲ್ಲೇ ವಾಪಸ್ ಹೋದ. ಆಮೇಲೆ ಹತ್ತು ವರ್ಷಕ್ಕೂ ಮೀರಿ ನನ್ನ ಜೊತೆ ಮಾತಾಡಲಿಲ್ಲ.

ಈಗ ರೇಖಾ ಗಮನ ಕೊಟ್ಟು ಓದಬೇಕು. ಆ ಶನಿವಾರದಿಂದ ಊರು ನನಗೆ ಹೇಳಿದ್ದು ಒಂದೇ ಮಾತು: ಏಳು ಬಂತಲ್ಲ, ಆದ್ದರಿಂದ ನೀನು ತಪ್ಪು. ನಾನು ಒಪ್ಪಲಿಲ್ಲ, ಒಪ್ಪುವುದೂ ಇಲ್ಲ. ಮಗ್ಗ ಕೊಡಬೇಕೋ ಬೇಡವೋ ಎಂದು ಬುಧವಾರ ತೀರ್ಮಾನ ಆಗಬೇಕಿತ್ತು. ಬುಧವಾರ ಯಾರ ಕೈಯಲ್ಲೂ ಶನಿವಾರದ ಪೇಪರ್ ಇರಲಿಲ್ಲ. ಕಣ್ಣು ಕಟ್ಟಿಕೊಂಡು ಹೆದ್ದಾರಿ ದಾಟಿದವನು ಆಚೆ ದಡ ಸೇರಿದನೆಂದರೆ ಅವನು ಮಾಡಿದ್ದು ಜಾಣತನ ಆಗುವುದಿಲ್ಲ, ಕೈ ಹಿಡಿದು ನಿಲ್ಲಿಸಿದವಳು ಪಾಪಿಯೂ ಆಗುವುದಿಲ್ಲ. ಅವತ್ತಿನಂಥ ಮಂಗಳವಾರ ಹತ್ತು ಬಂದರೂ ಹತ್ತು ಸಲವೂ ಡಬ್ಬಿ ತಗೊಂಡು ಹೋಗುತ್ತೇನೆ, ಅದರಲ್ಲಿ ಒಂದು ಸಲ ಏಳು ಬರುತ್ತದೆಂದು ಗೊತ್ತಿದ್ದೂ. ಮುಂದಿನ ಮಂಗಳವಾರ ಲಚ್ಚಮ್ಮ ಗುಟ್ಟಾಗಿ ಚಳ್ಳಕೆರೆಯ ನಮ್ಮ ಮನೆಗೆ ಬಂದು ಓಬಳಪ್ಪನ ಚೌಕಳಿ ಹಾ‌ಳೆ ತಂದು ತೋರಿಸಿದಳು. ಏಳರ ಮುಂದೆ ಇನ್ನೂ ಆರು ವಾರದ ಬೊಟ್ಟು ಬರೆದಿಟ್ಟಿದ್ದ. ಆರು ವಾರ ನಾನು ಪೇಪರ್ ನೋಡಿದೆ. ಆರರಲ್ಲಿ ಒಂದೂ ಬರಲಿಲ್ಲ. ಟೀ ಅಂಗಡಿಯವನಿಗೆ ಹೋಗಿ ಹೇಳಿದೆ. "ಅದೆಲ್ಲ ಯಾಕೀಗ, ಏಳು ಬಂತಲ್ಲ" ಎಂದ.

ಆಮೇಲೆ ಒಂದಂಕಿ ಲಾಟರಿಯನ್ನು ಕಾನೂನೇ ನಿಲ್ಲಿಸಿತು. ಕೆಲವು ವರ್ಷಕ್ಕೆ ಮಿಷನ್ನಿನ ಲಾಟರಿ ಬಂತು. ಚಳ್ಳಕೆರೆಯಲ್ಲೇ ಒಂದು ಸಣ್ಣ ಮಳಿಗೆಯಲ್ಲಿ ಗಾಜಿನ ಹಿಂದೆ ನನ್ನನ್ನು ಕೂರಿಸಿದರು. ಅಲ್ಲಿ ನಲವತ್ತೊಂಬತ್ತರಲ್ಲಿ ಆರು ನಂಬರ್ ಆರಿಸಬೇಕು. ಎಲ್ಲರೂ ಮಕ್ಕಳ ಹುಟ್ಟಿದ ದಿನ ಹಾಕುವವರು, ಮೂವತ್ತೊಂದರ ಮೇಲಿನ ನಂಬರಿಗೆ ದಿಕ್ಕೇ ಇಲ್ಲ. ಒಂದರಿಂದ ಆರರ ತನಕ ಸಾಲಾಗಿ ಹಾಕಿದರೂ ಬರುವ ಸಾಧ್ಯತೆ ಅಷ್ಟೇ ಎಂದರೆ ನಕ್ಕರು. ಒಬ್ಬ ಹುಡುಗಿ ಮಾತ್ರ ನಂಬಿ ಅದನ್ನೇ ಹಾಕಲು ಹೋದಳು. ಅವಳನ್ನು ತಡೆದೆ. "ಬರೋದು ಅಷ್ಟೇ ಕಣವ್ವ, ಆದ್ರೆ ನಿನ್ನಂಗೆ ತಮಾಷೆಗೆ ಅದನ್ನೇ ಹಾಕಿದೋರು ಸಾವಿರ ಜನ ಇರ್ತಾರೆ. ಬಂದ್ರೆ ಎಲ್ರ ಜೊತೆ ಹಂಚ್ಕೋಬೇಕು. ಯಾರೂ ಹಾಕದ್ದು ಹಾಕು." ಮಳಿಗೆಯ ಯಜಮಾನ ಒಳಗಿಂದ ಕೆಮ್ಮಿದ. ನನ್ನ ಕೆಲಸ ಮಾರುವುದು, ಪಾಠ ಹೇಳುವುದಲ್ಲ ಎಂದು ಆ ಕೆಮ್ಮಿನ ಅರ್ಥ. ನಾನು ಇನ್ನೂ ಸ್ವಲ್ಪ ಜೋರಾಗಿ ಹೇಳಿದೆ.

ಎರಡು ಸಾವಿರದ ಏಳರಲ್ಲಿ ರಾಜ್ಯದಲ್ಲಿ ಲಾಟರಿಯೇ ನಿಂತಿತು. ಮಿಷನ್ನನ್ನು ಬಟ್ಟೆ ಸುತ್ತಿ ಗಾಡಿಗೆ ಹಾಕುತ್ತಿದ್ದ ದಿನ ಮಳಿಗೆಯ ಬಾಗಿಲಲ್ಲಿ ಓಬಳಪ್ಪ ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಪೊಟ್ಟಣ.

"ಅಂಗಡಿಯವ್ರು ತಗಳ್ಲಿಲ್ಲ ಇದನ್ನ" ಎಂದ. ಹತ್ತು ವರ್ಷದ ಮೇಲಿನ ಮೊದಲ ಮಾತು. "ಬುಟ್ಟಾ ಎಲ್ಲಾ ಎಡವಟ್ಟಾಗೈತೆ ಅಂದ್ರು. ನೀನು ಉಟ್ಕೋ."

ಬಿಚ್ಚಿದೆ. ನೇರಳೆ ರೇಷ್ಮೆ, ಅರಿಶಿನದ ಅಂಚು. ಅಡ್ಡಕ್ಕೆ ಹತ್ತು ಬುಟ್ಟಾ ಕೂರುವ ಜಾಗದಲ್ಲಿ ಪ್ರತಿ ಸಾಲಿಗೂ ಒಂದೇ ಒಂದು, ಒಂದು ಅಲ್ಲಿ, ಒಂದು ಇಲ್ಲಿ. ಒಂದು ಕಡೆ ನಾಲ್ಕು ಬುಟ್ಟಾ ಒಂದರ ಕೆಳಗೊಂದು ನಿಂತಿದ್ದವು. ಅದನ್ನು ನೋಡಿದ ಕೂಡಲೇ ಗೊತ್ತಾಯಿತು. ಐದರ ಮನೆ. ನಾನು ಆ ಭಾನುವಾರ ಕೂತು ಇಟ್ಟ ಅರವತ್ತು ಬೊಟ್ಟು.

"ನಿನ್ನ ಹಾಳೆ ಸೀರೆಯ ಅರ್ಧಕ್ಕೇ ಮುಗೀತು. ಉಳಿದಿದ್ದಕ್ಕೆ ದಿನಾ ಡಬ್ಬಿ ಕುಲುಕಿ ನಾನೇ ತೆಗೆದೆ. ಕಾಯಿಗೆ ಹುಳ ಬಿದ್ದು ಎರಡು ಸಲ ಬ್ಯಾರೆ ಹಾಕಿದೀನಿ."

ಸೀರೆಯನ್ನು ಸೆರಗಿನ ಕಡೆಗೆ ಬಿಚ್ಚುತ್ತ ಹೋದೆ. ಅರ್ಧದಿಂದ ಆಚೆ ಒಂದು ಉದ್ದನೆಯ ಪಟ್ಟಿ ಬರೀ ನೇರಳೆ, ಒಂದು ಹೂವೂ ಇಲ್ಲ. ಅಂಚಿನಿಂದ ಎಣಿಸಿದೆ. ಸೊನ್ನೆ, ಒಂದು, ಎರಡು. ಏಳರ ಮನೆ ಸೆರಗಿನ ತನಕ ಖಾಲಿ.

"ಏಳು ಎಲ್ಲೋ?"

"ಅವತ್ತೇ ತಿಂದ್ನಲ್ಲಕ್ಕಾ" ಎಂದು ಓಬಳಪ್ಪ ಹೊಟ್ಟೆ ತಟ್ಟಿಕೊಂಡ.

ಮದುವೆ ಮನೆಗಳಿಗೆ ನಾನು ಅದನ್ನೇ ಉಡುತ್ತೇನೆ. ಹೆಂಗಸರು ಹಿಂದಿನಿಂದ ಸೆರಗು ಮುಟ್ಟಿ, ಬುಟ್ಟಾ ತಪ್ಪಿದೆ, ಒಂದು ಸಾಲು ಹಾಕುವುದನ್ನೇ ಮರೆತಿದ್ದಾನೆ, ಅಂಗಡಿಗೆ ವಾಪಸ್ ಕೊಡಿ ಎನ್ನುತ್ತಾರೆ. ಯಾವ ಮಗ್ಗದಲ್ಲಿ ನೇಯ್ದದ್ದು ಎಂದು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ.